ದ್ಯಾವಜ್ಜಿಯ ಹಣೆಕಾಸು

ಯುವರಾಜ್ ಊಟದ ತಟ್ಟೆಯ ಅಂಚಿಗೆ ಕಾಸುಗಳನ್ನು ಜೋಡಿಸಿಕೊಂಡು ಮುದ್ದೆ ನುಂಗುತ್ತಿದ್ದ. ಒಂದು ತುತ್ತು, ಒಂದು ಕಾಸು. ಸಾರು ಅಂಟಿದ ಬೆರಳಿನಲ್ಲೇ ಕಾಸೆತ್ತಿ, ಉಗುಳು ಹಚ್ಚಿ, ಬನಿಯನ್ನಿಗೆ ಉಜ್ಜಿ, ಒಂದು ಕಣ್ಣು ಮುಚ್ಚಿಕೊಂಡು ಭೂತಗನ್ನಡಿಯಲ್ಲಿ ನೋಡುವನು. ನೋಡಿಯಾದ ಮೇಲೆ ತಟ್ಟೆಗೇ ಹಾಕುವನು. ಯಾರ್ಯಾರದೋ ಬೆವರು, ನಶ್ಯ, ಎಲೆಅಡಿಕೆ ಎಲ್ಲವನ್ನೂ ಕಂಡು ಬಂದ ಕಾಸು ಹುರುಳಿ ಸಾರಿನಲ್ಲಿ ಮುಳುಗಿ ಏಳುತ್ತಿತ್ತು. ಅವನ ಹೆಂಡತಿ ರಾಣಿ ಸೌಟು ಹಿಡಿದು ಎದುರಿಗೆ ನಿಂತಿದ್ದಳು.

“ಉಣ್ಣೋವಾಗ್ಲಾದ್ರೂ ಅವನ್ನ ಅತ್ಲಾಗಿಡಿ” ಎಂದಳು.

“ಸುಮ್ನಿರೇ, ನಿಂಗೇನ್ ಗೊತ್ತು? ಇದ್ರಲ್ಲಿ ಒಂದೇ ಒಂದು ಸಣ್ಣಿಸ್ವಿ ಕಾಸು ಸಿಕ್ಲಿ, ನನ್ನ ಎರಡು ತಿಂಗ್ಳ ಸಂಬ್ಳ ಒಂದೇ ಏಟ್ಗೆ.”

“ಸಿಕ್ದಾಗ ನೋಡಾಣ. ಈಗ ಕೈ ತೊಳ್ಕಂಡು ಬನ್ನಿ.”

ಅವನು ಕೈ ತೊಳೆಯಲಿಲ್ಲ. ಇನ್ನೊಂದು ಕಾಸಿಗೆ ಉಗುಳು ಹಚ್ಚಿದ.

ಗಂಡಸಿಯ ಆ ಮನೆಗೆ ಈ ರೋಗ ಅಂಟಿದ್ದು ಅರಸೀಕೆರೆಯ ಕೊಬ್ಬರಿ ಮಂಡಿಯಿಂದ. ಯುವರಾಜ್ ಅಲ್ಲಿ ಲೆಕ್ಕ ಬರೆಯುವವನು. ಲೋಡು ಬರುವ ತನಕ ಕೆಲಸವಿಲ್ಲ, ಕೈಯಲ್ಲಿ ಫೋನು. ಹಳೇ ಕಾಸಿಗೆ ಲಕ್ಷಗಟ್ಟಲೆ ಬೆಲೆಯೆಂದು ಫೋನಿನೊಳಗೆ ಯಾರೋ ಕೂಗಿದರು, ಇವನು ನಂಬಿದ. ಅಲ್ಲಿಗೇ ನಿಂತಿದ್ದರೆ ನಗಾಡಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಬೇಲೂರಿನಲ್ಲಿ ಟೂರಿಸ್ಟರಿಗೆ ಹಳೇ ನಾಣ್ಯ ಮಾರುವ ಷಡಕ್ಷರಪ್ಪ ಎಂಬವನ ಅಂಗಡಿಗೂ ಹೋಗಿ ಕೂತು ಬಂದ. ಆತ ಲಕ್ಷದ ಮಾತು ಆಡಲಿಲ್ಲ. ಕಮಲದ ಹೂವಿನ ಹಿತ್ತಾಳೆ ಇಪ್ಪತ್ತು ಪೈಸೆ ಇದ್ದರೆ ತನ್ನಿ, ಅದರಲ್ಲೂ ಎಪ್ಪತ್ತನೇ ಇಸವಿಯದು, ಅದರಲ್ಲೂ ಸಣ್ಣ ಅಂಕಿಯದು ಎಂದ. ಅಂಥದೊಂದಕ್ಕೆ ತಾನು ಎಷ್ಟು ಕೊಡುತ್ತೇನೆಂದೂ ಹೇಳಿದ. ಅವತ್ತಿನಿಂದ ಯುವರಾಜನಿಗೆ ಮನೆ, ಹೆಂಡತಿ, ದೇವರು, ನೆಂಟರು ಎಲ್ಲವೂ ಇಪ್ಪತ್ತು ಪೈಸೆಯ ಅಗಲಕ್ಕೆ ಬಂದು ನಿಂತವು.

ಕಣ್ಣು ಸೋತಾಗ ಅವನು ರಾಣಿಯನ್ನು ಕೂರಿಸಿಕೊಂಡು ಕಲಿಸುತ್ತಿದ್ದ. ಕಮಲದ ಕೆಳಗೆ ಇಸವಿ ಇರುತ್ತದೆ. ದೊಡ್ಡ ಇಸವಿಯ ಕಾಸಿನಲ್ಲಿ ಅಂಕಿಗಳು ಅಂಚಿಗೆ ಒತ್ತಿಕೊಂಡಿರುತ್ತವೆ, ಸೊನ್ನೆ ಮೊಟ್ಟೆಯ ಹಾಗೆ ಉದ್ದ. ಸಣ್ಣ ಇಸವಿಯದರಲ್ಲಿ ಅಂಕಿಗೂ ಅಂಚಿಗೂ ನಡುವೆ ಒಂದು ಎಳ್ಳು ಕೂರುವಷ್ಟು ಜಾಗ, ಸೊನ್ನೆ ಗುಂಡಗೆ. ಒಂದರ ಪಕ್ಕ ಒಂದಿಟ್ಟರೆ ಮಾತ್ರ ಮೊದಮೊದಲು ತಿಳಿಯುತ್ತಿತ್ತು. ಬರಬರುತ್ತ ರಾಣಿಗೆ ಭೂತಗನ್ನಡಿಯೂ ಬೇಡವಾಯಿತು. ಬೇಡದ ವಿದ್ಯೆ ಬೇಗ ಹತ್ತುತ್ತದೆಂದು ಅವಳಿಗೆ ತನ್ನ ಕಣ್ಣಿನ ಮೇಲೇ ಅಸಹ್ಯವಾಗುತ್ತಿತ್ತು.

ವರಮಹಾಲಕ್ಷ್ಮಿ ಹಬ್ಬ ಬಂತು. ಅತ್ತೆ ಗಿರಿಯಮ್ಮ ವರ್ಷವರ್ಷದಂತೆ ದೇವರ ಡಬ್ಬಿಯ ಕಮಲದ ಕಾಸುಗಳನ್ನು ಹುಣಸೆಹಣ್ಣಿನ ನೀರಿಗೆ ಹಾಕಿ ಉಜ್ಜಲು ಕೂತರು. ಯುವರಾಜ್ ಓಡಿ ಬಂದು ಪಾತ್ರೆ ಕಿತ್ತುಕೊಂಡ.

“ಉಜ್ಜಬ್ಯಾಡ ಕಣವ್ವ! ಉಜ್ಜಿದ್ ಕಾಸ್ನ ಷಡಕ್ಷರಪ್ಪ ಮುಟ್ಟಾಕಿಲ್ಲ!”

“ನಿನ್ ಷಡಕ್ಷರಪ್ಪನ್ನ ತಗಂಡೋಗಿ ಬಾವಿಗಾಕು. ದೇವ್ರ ಮುಂದಕ್ಕೆ ಈ ಕೊಳಕು ಇಡ್ತಾರೇನ್ಲಾ?”

“ಒಂದೊಂದೂ ನೋಡೋ ತನ್ಕ ಇರ್ಲಿ. ಸಣ್ಣಿಸ್ವಿ ಇದ್ರೆ ನಿಂಗೆ ಓಲೆ ಮಾಡಿಸ್ತೀನಿ.”

ಗಿರಿಯಮ್ಮನ ಬಾಯಿ ಅಲ್ಲಿಗೆ ಮುಚ್ಚಿತು. ಆ ವರ್ಷ ಲಕ್ಷ್ಮಿಯ ಕಲಶ ಕಿಲುಬು ಹಿಡಿದ ಕಾಸಿನ ಮೇಲೆ ಕೂತಿತು. ಡಬ್ಬಿಯಲ್ಲಿ ಇದ್ದವೆಲ್ಲ ದೊಡ್ಡ ಇಸವಿಯವೇ ಆಗಿದ್ದವು, ಓಲೆಯ ಮಾತು ಮತ್ತೆ ಬರಲಿಲ್ಲ.

ಹಬ್ಬ ಮುಗಿದ ವಾರದಲ್ಲೇ ಹಳೇಬೀಡಿನಿಂದ ನಾದಿನಿ ಸುಷ್ಮಿತಾಳ ಫೋನು. ತಂಗಿಯನ್ನು ನೋಡಲು ಹೋಗುತ್ತೇನೆಂದು ಯುವರಾಜ್ ಅಲ್ಲಿಗೆ ಹೋಗಿ ಕೋಳಿ ಸಾರು ಉಂಡು ಬಂದಿದ್ದ.

“ಅತ್ತಿಗೆ, ಅಣ್ಣ ನಮ್ ದೇವ್ರ ಮನೆಗೆ ಯಾಕ್ ಹೋಗಿದ್ದ? ಕಳಶದೊಳಗಿನ ಕಾಸು ಬದ್ಲಾಗೈತೆ ಅಂತ ನಮ್ಮತ್ತೆ ಕುಣೀತಾ ಅವ್ರೆ. ನನ್ನ ಕಳ್ಳಿ ಅಂದ್ರು ಅತ್ತಿಗೆ!”

ರಾಣಿ ಫೋನನ್ನು ಗಂಡನ ಕಿವಿಗೆ ಹಿಡಿದಳು. ಅವನು ನಾಚಲಿಲ್ಲ, ಕೆಮ್ಮಲೂ ಇಲ್ಲ. “ಒಂದು ತಗಂಡೆ, ಬದಲಿಗೆ ಅಂಥದ್ದೇ ಇನ್ನೊಂದು ಇಟ್ಟಿದೀನಲ್ಲ. ಕಾಸಿಗೆ ಕಾಸು ಸರಿಹೋಯ್ತು. ಅದೂ ದೊಡ್ಡಿಸ್ವಿನೇ ಆಯ್ತು ಬಿಡು” ಎಂದು ಗೊಣಗಿದ.

ಕಾಸಿಗೆ ಕಾಸು ಸರಿಹೋಯಿತಂತೆ! ಇಂಥವನಿಗೆ ಅನ್ನ ಬಡಿಸುತ್ತಿದ್ದೇನಲ್ಲ ಎಂದು ರಾಣಿ ಸಂಜೆ ಡೈರಿಗೆ ಹಾಲು ಹಾಕಿ ಬರುವ ತನಕ ಬುಸುಗುಟ್ಟುತ್ತಲೇ ಇದ್ದಳು.

ಮನೆಯಲ್ಲಿ ಇನ್ನು ಅವನ ಕೈಗೆ ಸಿಗದ ಕಾಸು ಒಂದೇ ಉಳಿದಿತ್ತು. ಅದು ದ್ಯಾವಜ್ಜಿಯ ಎಲೆಅಡಿಕೆ ಚೀಲದಲ್ಲಿತ್ತು.

ದ್ಯಾವಜ್ಜಿ ಮಾವ ನಿಂಗಯ್ಯನ ತಾಯಿ. ನಡು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ಆಕೆಯ ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡಾಗ ಹೆಣದ ಹಣೆಗೆ ಇಡಲು ಮನೆಯಲ್ಲಿ ಒಂದು ಕಾಸಿರಲಿಲ್ಲ. ಇನ್ನೂ ಚಡ್ಡಿ ಹಾಕುವ ವಯಸ್ಸಿನ ನಿಂಗಯ್ಯನನ್ನೇ ಪಕ್ಕದ ಮನೆಗೆ ಕಳಿಸಿ ಕೇಳಿ ತರಿಸಿದ್ದರು. ಪಕ್ಕದ ಮನೆಯವಳು ಕೊಟ್ಟಳು, ಆಮೇಲೆ ಬದುಕಿದ್ದಷ್ಟು ದಿನ ನೀರಿನ ಜಗಳ ಬಂದಾಗಲೆಲ್ಲ ಬೀದಿಯಲ್ಲಿ ನಿಂತು ಅಂದಳು: “ನಿನ್ ಗಂಡ ನನ್ ಕಾಸು ಇಟ್ಕಂಡು ಹೋದ ಕಣೇ.” ದ್ಯಾವಜ್ಜಿ ಗಂಡಸಿ ಸಂತೆಯಲ್ಲಿ ಮಜ್ಜಿಗೆ ಮಾರಿ ಮೊದಲು ಕೈಗೆ ಬಂದ ಹಳದಿ ಕಾಸನ್ನು ಅವತ್ತೇ ಎತ್ತಿಟ್ಟಳು. ತನ್ನ ಹಣೆಗೆ ತನ್ನದೇ ಕಾಸು. ಹಸಿವಾದಾಗಲೂ ಅದನ್ನು ಮುರಿಸಲಿಲ್ಲ, ಹಬ್ಬದಲ್ಲೂ ದೇವರ ಡಬ್ಬಿಗೆ ಹಾಕಲಿಲ್ಲ.

“ಅಜ್ಜಿ, ಒಂದು ಸಲ ತೋರ್ಸು, ನೋಡಿ ಕೊಟ್ಬಿಡ್ತೀನಿ” ಎಂದು ಯುವರಾಜ್ ಜಗಲಿಯಲ್ಲಿ ಆಕೆಯ ಕಾಲ ಬಳಿ ಕೂತ.

“ಏನ್ಲಾ, ನಾನು ಸತ್ತಿವ್ನಾ? ಸತ್ತಾಗ ಎಲ್ರೂ ನೋಡ್ತೀರಂತೆ.”

“ಬೇರೆ ಕಾಸು ಕೊಡ್ತೀನಿ ಕಣಜ್ಜಿ. ಬೆಳ್ಳಿದೇ ಕೊಡ್ತೀನಿ.”

“ನಿನ್ ಕಾಸು ಇಟ್ಕಂಡು ನಾನ್ಯಾಕ್ಲಾ ಹೋಗ್ಲಿ? ಏಳು ಮೇಲಕ್ಕೆ!”

ಅವನು ಎದ್ದು ಹೋದ. ದನದ ಕೊಟ್ಟಿಗೆಗೆ ಬಂದು ರಾಣಿಯನ್ನು ಹಿಡಿದ. “ನಿನ್ ಕೈಗಾದ್ರೆ ಕೊಡ್ತಾಳೆ. ಇಸ್ವಿ ನೋಡ್ಕಂಡು ಬಂದು ಹೇಳು, ಅಷ್ಟೇ.”

ರಾಣಿ ಹೋಗಿದ್ದು ನಿಜ. ಗಂಡನ ಕಾಟ ತಪ್ಪಲಿ ಎಂದೇ ಹೋದಳು. ಅಜ್ಜಿ ಅತ್ತಿತ್ತ ನೋಡಿ ಚೀಲದಿಂದ ಕಾಸು ತೆಗೆದು ಅವಳ ಅಂಗೈಗಿಟ್ಟಳು. ಸುಣ್ಣದ ಕಲೆ, ಕಡ್ಡಿಪುಡಿಯ ವಾಸನೆ. ರಾಣಿ ಹೆಬ್ಬೆರಳಿನಿಂದ ಒರೆಸಿದಳು. ಕಮಲದ ಕೆಳಗೆ ಎಪ್ಪತ್ತನೇ ಇಸವಿ, ಗುಂಡು ಸೊನ್ನೆ, ಅಂಚಿಗೂ ಅಂಕಿಗೂ ನಡುವೆ ಎಳ್ಳು ಕೂರುವಷ್ಟು ಜಾಗ. ಕಾಸನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು.

“ಏನ್ ಮಗ, ಹಂಗ್ ನೋಡ್ತೀಯಾ?”

“ಏನಿಲ್ಲ ಅಜ್ಜಿ. ಚೆಂದಾಗೈತೆ.”

“ನೀನೇ ಇಡ್ಬೇಕು ಕಣವ್ವ ನನ್ ಹಣೆಗೆ. ಇವ್ರು ಯಾರ್ನೂ ನಂಬಾಕಿಲ್ಲ ನಾನು. ಆಣೆ ಮಾಡು.”

ರಾಣಿ ಅಜ್ಜಿಯ ಕೈ ಮುಟ್ಟಿ ಆಣೆ ಮಾಡಿದಳು. ಗಂಡನ ಹತ್ತಿರ ಬಂದು ಮುಖ ಗಂಟಿಕ್ಕಿಕೊಂಡೇ ಹೇಳಿದಳು: “ದೊಡ್ಡಿಸ್ವಿ. ಸೊನ್ನೆ ಉದ್ದಕ್ಕೈತೆ.”

“ಸರ್ಯಾಗಿ ನೋಡ್ದಾ?”

“ನೀವೇ ಅಲ್ವಾ ಕಲ್ಸಿದ್ದು?”

ಅವನು ನಂಬಿದ. ಅಜ್ಜಿಯ ಚೀಲದ ಕಡೆ ಮತ್ತೆ ತಿರುಗಿಯೂ ನೋಡಲಿಲ್ಲ. ಅಜ್ಜಿಯ ಕಡೆಗೂ ನೋಡಲಿಲ್ಲ, ಆ ಮಾತು ಬೇರೆ.

ದೀಪಾವಳಿಗೆ ಮುಂಚೆ ದ್ಯಾವಜ್ಜಿ ಒಂದು ಬೆಳಿಗ್ಗೆ ಕಾಫಿ ಕೇಳಿದವಳು ಕಾಫಿ ಬರುವಷ್ಟರಲ್ಲಿ ತಲೆ ವಾಲಿಸಿಬಿಟ್ಟಳು. ನರಳಾಟವಿಲ್ಲದ ಸಾವು. ಮಧ್ಯಾಹ್ನದ ಹೊತ್ತಿಗೆ ರಾಣಿಯ ತವರು ಕಣಕಟ್ಟೆಯಿಂದ, ಹಳೇಬೀಡಿನಿಂದ ಜನ ಬಂದು ತುಂಬಿದರು. ಮೈ ತೊಳೆದು ಹೊಸ ಸೀರೆ ಸುತ್ತಿ ಜಗಲಿಗೆ ಒರಗಿಸಿ ಕೂರಿಸಿದರು. ರಾಣಿ ಎಲೆಅಡಿಕೆ ಚೀಲ ಬಿಚ್ಚಿ ಕಾಸು ತೆಗೆದಳು. ಇಸವಿ ಒಳಗಾಗಿ ಸಿಂಹದ ಮುಖ ಹೊರಗೆ ಬರುವಂತೆ ಇಡಬೇಕೆಂದು ಬೆಳಿಗ್ಗೆಯಿಂದಲೇ ಯೋಚಿಸಿಕೊಂಡಿದ್ದಳು. ಕಲಸಿದ ವಿಭೂತಿ ಹಣೆಗೆ ಮೆತ್ತಿ ಕಾಸು ಒತ್ತುವಾಗ ಗಿರಿಯಮ್ಮ ಕೈ ಹಿಡಿದರು.

“ತಿರುಗ್ಸೇ, ಕಮಲ ಮೇಲಕ್ಕೆ ಬರ್ಲಿ. ಲಕ್ಷ್ಮಿ ಮಕ ಒಳಿಕ್ಕೆ ಹಾಕ್ತಾರಾ? ಮನೆಗೆ ಆಗ್ಬರಾಕಿಲ್ಲ.”

ಅಷ್ಟು ಹೆಂಗಸರ ಎದುರಿಗೆ ಏನೆಂದು ವಾದಿಸುವುದು? ರಾಣಿ ಕಾಸು ತಿರುಗಿಸಿದಳು. ಹೂವು, ಹೂವಿನ ಕೆಳಗೆ ಇಸವಿ, ಅಜ್ಜಿಯ ಸುಕ್ಕುಹಣೆಯ ಮೇಲೆ ಹೊಳೆಯುತ್ತ ಕೂತವು.

ಯುವರಾಜ್ ಅಳುತ್ತಲೇ ಬಂದ. ಆ ಅಳು ಸುಳ್ಳಲ್ಲ, ಅದನ್ನು ರಾಣಿ ಆಮೇಲೂ ಒಪ್ಪುತ್ತಿದ್ದಳು. ಆದರೆ ಬಗ್ಗಿ ಅಜ್ಜಿಯ ಕೆನ್ನೆ ಸವರುತ್ತಿದ್ದವನ ಅಳು ಥಟ್ಟನೆ ನಿಂತಿತು. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ರಾಣಿ ನೀರಿನ ಬಿಂದಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಆ ಮುಚ್ಚಿದ ಕಣ್ಣನ್ನು ಕಂಡಳು. ಅಷ್ಟರಲ್ಲಿ ಯಾರೋ ಕರೆದರು, ಒಳಗೆ ಹೋಗಬೇಕಾಯಿತು.

ಚಟ್ಟ ಎತ್ತುವ ಮೊದಲು ಹೆಂಗಸರೆಲ್ಲ ಬಾಯಿಗೆ ಅಕ್ಕಿ ಹಾಕಲು ಸಾಲು ನಿಂತರು. ರಾಣಿಯ ಸರದಿ ಬಂತು. ಬಗ್ಗಿದಳು. ವಿಭೂತಿಯಲ್ಲಿ ಬೆರಳಿನ ಗುರುತು. ಕಾಸಿನ ಮೇಲೆ ಸುಣ್ಣದ ಕಲೆಯಿಲ್ಲ. ಸೊನ್ನೆ ಮೊಟ್ಟೆಯ ಹಾಗೆ ಉದ್ದ, ಅಂಕಿಗಳು ಅಂಚಿಗೆ ಒತ್ತಿಕೊಂಡಿವೆ.

ಅವಳ ಕೈಯ ಅಕ್ಕಿ ಉದುರಿತು. ಇವನು ಹೆಣದ ಹಣೆಗೂ ಕೈಹಾಕಿದ್ದ! ಹಾಲು ಕುಡಿಸಿ ಎತ್ತಿ ಆಡಿಸಿದ ಅಜ್ಜಿಯ ಹಣೆಯಿಂದ ಕಾಸು ಕಿತ್ತು, ಜೇಬಿನಲ್ಲಿದ್ದ ಇನ್ನೊಂದನ್ನು ಅಂಟಿಸಿದ್ದ. ಕಾಸಿಗೆ ಕಾಸು ಸರಿಹೋಗಿತ್ತು.

“ಅತ್ತೆ, ಕಾಸು ಬ್ಯಾರೆ ಐತೆ” ಎಂದು ಗಿರಿಯಮ್ಮನ ಸೆರಗು ಹಿಡಿದೆಳೆದಳು. “ನಾನಿಟ್ಟಿದ್ದು ಇದಲ್ಲ.”

ಗಿರಿಯಮ್ಮ ಕಣ್ಣು ಕಿರಿದು ಮಾಡಿ ನೋಡಿದರು. “ಕಮಲದ್ದೇ ಅಲ್ವೇನೇ? ಸುಮ್ನೆ ನಡಿ ಅತ್ಲಾಗೆ, ನೆಂಟ್ರೆಲ್ಲ ನೋಡ್ತಾವ್ರೆ.”

ಆ ಎಳ್ಳಿನಷ್ಟು ಜಾಗ ಕಾಣುತ್ತಿದ್ದುದು ಆ ಅಂಗಳದಲ್ಲಿ ಇಬ್ಬರಿಗೇ. ಒಬ್ಬಳು ಅವಳು, ಇನ್ನೊಬ್ಬ ಚಟ್ಟಕ್ಕೆ ಹೆಗಲು ಕೊಟ್ಟು ತಲೆ ತಗ್ಗಿಸಿ ನಿಂತಿದ್ದ. ತಮಟೆ ಶುರುವಾಯಿತು. ದ್ಯಾವಜ್ಜಿ ಯಾರದೋ ಕಾಸಿಟ್ಟುಕೊಂಡು ತೋಟದ ಕಡೆ ಹೊರಟಳು.

ಮಣ್ಣು ಹಾಕಿ ಬಂದ ಗಂಡಸರು ಒಳಗೆ ಬರುವ ಹಾಗಿಲ್ಲ. ಹಿತ್ತಲಲ್ಲೇ ನಿಂತು ತಲೆಯ ಮೇಲೆ ನೀರು ಸುರಿದುಕೊಂಡು, ಉಟ್ಟಿದ್ದನ್ನೆಲ್ಲ ಅಲ್ಲೇ ಕಳಚಿ ಹಾಕಬೇಕು, ಹೆಂಗಸರು ಒಗೆಯಬೇಕು. ಯುವರಾಜನೂ ಕಳಚಿದ. ಜೇಬಿಗೆ ಕೈ ಹಾಕಲು ಹೋದವನನ್ನು ಹಿರಿಯರು ಗದರಿದರು: “ಸಾವಿನ ಬಟ್ಟೆ ಮುಟ್ಬ್ಯಾಡ, ಸ್ನಾನ ಆಯ್ತಲ್ಲ, ನಡಿ!” ನೆನೆದ ಕೋಳಿಯ ಹಾಗೆ ಅವನು ಒಳಗೆ ಹೋದ, ತಿರುಗಿ ತಿರುಗಿ ನೋಡುತ್ತ.

ರಾಣಿ ಆ ಅಂಗಿಯನ್ನು ತಾನೇ ಎತ್ತಿಕೊಂಡಳು. ಕೋಪದಲ್ಲಿ ಕಲ್ಲಿಗೆ ಅಪ್ಪಳಿಸಿದಾಗ ಟಣ್ಣೆಂದಿತು. ಜೇಬಿನಿಂದ ತೆಗೆದು ನೋಡಿದಳು. ಸುಣ್ಣದ ಕಲೆ, ವಿಭೂತಿಯ ಬಿಳುಪು, ಗುಂಡು ಸೊನ್ನೆ. ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬಟ್ಟೆ ಹಿಂಡಿ ಹರವುವ ಹೊತ್ತಿಗೆ ಅವನು ಬಂದ.

“ಜೇಬಲ್ಲಿ ಏನಾರ ಇತ್ತಾ?”

“ಏನಿತ್ತು?”

“ಏನಿಲ್ಲ. ಸುಮ್ನೆ ಕೇಳ್ದೆ.”

“ಏನಾರ ಇಟ್ಟಿದ್ರಾ?”

“ಇಲ್ಲ ಬಿಡೇ.”

ಹೇಳಲೂ ಆಗದು, ಬಿಡಲೂ ಆಗದು. ಅವನು ಒದ್ದಾಡುವುದನ್ನು ನೋಡಿ ರಾಣಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಹುಳ ಹೊರಳುವುದನ್ನು ಕಂಡ ಹಾಗೆ ಮೈ ಜುಮ್ಮೆಂದಿತು, ಅಷ್ಟೇ.

ಮೂರನೇ ದಿನ ಹಾಲುತುಪ್ಪ ಬಿಡಲು ಎಲ್ಲರೂ ತೋಟಕ್ಕೆ ಹೋದರು. ಹೆಂಗಸರ ಸರದಿಗೆ ರಾಣಿ ಅಜ್ಜಿಯ ಮಣ್ಣುಗುಡ್ಡೆಯ ತಲೆಯ ಕಡೆ ಕೂತಳು. ಎಡಗೈಯಲ್ಲಿ ಹಾಲು ಬಿಡುತ್ತ ಬಲಗೈಯನ್ನು ಸಡಿಲ ಮಣ್ಣಿನೊಳಗೆ ಮೊಣಕೈವರೆಗೂ ತೂರಿಸಿ ಬೆರಳು ಬಿಟ್ಟಳು. “ಹಣೆಗೆ ಇಡಾಕೆ ಆಗ್ಲಿಲ್ಲ ಅಜ್ಜಿ. ತಲೆ ಹತ್ರ ಇಟ್ಟಿದೀನಿ, ನಿನ್ನದೇ ತಗೋ” ಎಂದು ತುಟಿಯೊಳಗೇ ಅಂದಳು. ಮಣ್ಣು ಮೆತ್ತಿದ ಕೈಯನ್ನು ಯಾರೂ ಗಮನಿಸಲಿಲ್ಲ. ಯುವರಾಜ್ ಮಾತ್ರ ಪೂಜೆಗೂ ನಿಲ್ಲದೆ ಬೇಗ ಮನೆಗೆ ಓಡಿದ್ದ, ಹಿತ್ತಲು ಹುಡುಕುವುದಕ್ಕೆ.

ಹನ್ನೊಂದರ ತಿಥಿ ಮುಗಿದ ಸಂಜೆ ಅವನು ತಡೆಯಲಾರದೆ, ಅಜ್ಜಿಯ ಹಣೆಯ ಕಾಸು ಬದಲಿಸಿದ್ದನ್ನೂ ಅದು ಒಗೆಯಲು ಹಾಕಿದ ಅಂಗಿಯ ಜೇಬಿನಿಂದ ಕಳೆದುಹೋದದ್ದನ್ನೂ ಎಲ್ಲರ ಎದುರಿಗೂ ಹೇಳಿಬಿಟ್ಟ. ಉಳಿದ ಮಾಂಸದ ಸಾರಿಗೆ ಎಲ್ಲರೂ ಕೂತಿದ್ದರು, ಸುಷ್ಮಿತಾ ಇನ್ನೂ ಹೊರಟಿರಲಿಲ್ಲ.

ಗಿರಿಯಮ್ಮ ಎದೆ ಬಡಿದುಕೊಂಡರು. “ಥೂ! ಹೆಣದ್ ಮೇಲಿನ್ ಕಾಸೇನ್ಲಾ? ನಿನ್ ಕೈಗೆ ಹುಳ ಬೀಳಾ!”

“ಷಡಕ್ಷರಪ್ಪಂಗೆ ಫೋನ್ ಮಾಡಿದ್ದೆ ಕಣವ್ವ. ಈಗ ಇನ್ನೂ ಜಾಸ್ತಿ ಕೊಡ್ತೀನಿ ಅಂತಾವ್ನೆ.”

ಮೂಳೆ ಚೀಪುವ ಸದ್ದು ಮತ್ತೆ ಶುರುವಾಯಿತು.

“ಬಟ್ಟೆ ಒಗ್ದ ನೀರು ಎಲ್ಗೋಯ್ತು?” ಎಂದರು ಗಿರಿಯಮ್ಮ ಮೆಲ್ಲಗೆ.

“ನಂಗೂ ಪಾಲೈತೆ” ಎಂದಳು ಸುಷ್ಮಿತಾ. “ಅವತ್ತು ನನ್ ಕಳ್ಳಿ ಮಾಡ್ದಲ್ಲ ಅಣ್ಣ. ಅಜ್ಜಿ ನಂಗೂ ಅಜ್ಜಿನೇ.”

ಮಾವ ನಿಂಗಯ್ಯ ಮಾತ್ರ ತಟ್ಟೆ ಸರಿಸಿ ಎದ್ದು ಜಗಲಿಗೆ ಹೋಗಿ ಬೀಡಿ ಹಚ್ಚಿದರು. ಈ ಮನೆಯಲ್ಲಿ ಒಬ್ಬರಿಗಾದರೂ ನಾಚಿಕೆ ಉಳಿದಿದೆಯಲ್ಲ ಎಂದು ರಾಣಿ ಅವರಿಗೆ ನೀರು ಕೊಂಡೊಯ್ದು ಕೊಟ್ಟಳು. ಅಪ್ಪನ ಹೆಣಕ್ಕೆ ಕಾಸು ಬೇಡಿ ತಂದ ಮನುಷ್ಯ ಅವರು.

ಮಾರನೆಯ ದಿನದಿಂದ ಬಚ್ಚಲ ಚರಂಡಿ ತೋಡುವ ಕೆಲಸ. ಯುವರಾಜ್ ಮಂಡಿಗೆ ರಜೆ ಹಾಕಿದ, ಗಿರಿಯಮ್ಮನೂ ಸುಷ್ಮಿತಾಳೂ ಅವನ ಜೊತೆ ಇಳಿದರು. ಕಪ್ಪು ಕೆಸರು, ಕೂದಲ ಉಂಡೆ, ಕೊಳೆತ ಅನ್ನ ಹಿತ್ತಲ ತುಂಬ ಗುಡ್ಡೆ ಬಿತ್ತು. ಗಬ್ಬು ಅಡಿಗೆಮನೆಯವರೆಗೂ ಬಂತು. ಆ ಕೈಯಲ್ಲೇ ಬಂದು ಕಾಫಿ ಕುಡಿಯುವರು, ಮತ್ತೆ ಹೋಗಿ ಕೆಸರು ಹಿಸುಕುವರು. ವಾರ ಕಳೆಯಿತು. ಒಂದು ಸಂಜೆ ಗಿರಿಯಮ್ಮ ಕೈಸೋತು ಒಳಗೆ ಬಂದರು, ಗೂಟದಲ್ಲಿದ್ದ ರಾಗಿಹಿಟ್ಟಿನ ಜರಡಿ ತೆಗೆದುಕೊಂಡು ಹೊರಟರು.

ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದ ರಾಣಿ ಅವರ ಹಿಂದೆಯೇ ಹಿತ್ತಲಿಗೆ ಬಂದಳು.

“ಅತ್ತೆ, ಆ ಜರಡಿ ಕೊಡಿ ಇಲ್ಲಿ.”

“ತೊಳೆದ್ರೆ ಹೋಯ್ತು ಬಿಡೇ.”

“ಚರಂಡೀಲಿ ಇಲ್ಲ ಅದು. ಅಜ್ಜಿ ಹತ್ರ ಐತೆ. ಹಾಲುತುಪ್ಪದ ದಿನ ನಾನೇ ಗುಡ್ಡೆ ಒಳಗೆ ಹಾಕಿ ಬಂದೆ.”

ಎಲ್ಲರ ಕೈಯೂ ನಿಂತಿತು. ಯುವರಾಜ್ ಕೆಸರಿನಿಂದ ಎದ್ದ.

“ನಿಂಗೇನೇ ಬಂದಿತ್ತು?”

“ನಿಮಗೆ ಬಂದ ರೋಗ ಬರ್ಲಿಲ್ಲ ನಂಗೆ. ಥೂ, ನಿಮ್ ಮಕಕ್ಕಿಷ್ಟು! ನಿಮ್ಮಜ್ಜಿ ಹಣೆ ಕೆರೆದ್ರಲ್ಲ, ಇನ್ನೇನು ಉಳೀತು? ಹಾರೆ ಅಲ್ಲೈತೆ, ಗುದ್ಲಿ ಅಲ್ಲೈತೆ. ಹೋಗಿ ಅಗೀರಿ! ಅಗೆದು ಅವ್ಳ ಬಾಯೊಳಗಿನ ಅಕ್ಕಿನೂ ಎಣಿಸ್ಕಂಡು ಬನ್ನಿ!”

ಯಾರಾದರೂ ಬಾಯಿ ಬಿಟ್ಟು ಅಯ್ಯೋ ಅನ್ನುತ್ತಾರೆಂದು ಕಾದಳು. ಯುವರಾಜ್ ಗುದ್ದಲಿಯ ಕಡೆ ನೋಡಿದ. ಗಿರಿಯಮ್ಮ ಮಗನ ಕಡೆ ನೋಡಿದರು. ಗದ್ದಲ ಕೇಳಿ ಜಗಲಿಯಿಂದ ನಿಂಗಯ್ಯ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ರಾಣಿ ಅವರ ಕಡೆಗೆ ತಿರುಗಿದಳು. ನೀವಾದರೂ ಹೇಳಿ ಮಾವ ಎನ್ನುವಂತೆ ನೋಡಿದಳು.

ನಿಂಗಯ್ಯ ಬೀಡಿ ಆರಿಸಿ ಕಿವಿಯ ಮೇಲಿಟ್ಟುಕೊಂಡರು. ಗಂಟಲು ಸರಿಮಾಡಿಕೊಂಡರು.

“ರಾಣವ್ವ” ಎಂದರು, ಬಹಳ ಮೆತ್ತಗೆ. “ಎಷ್ಟು ಆಳಕ್ಕೆ ಹಾಕಿದ್ದೀಯವ್ವ?”

ರಾಣಿ ಒಳಗೆ ಹೋದಳು. ಕುದಿಯುತ್ತಿದ್ದ ಎಸರನ್ನು ಬಟ್ಟೆ ಹಿಡಿದು ಇಳಿಸಿ ಬಚ್ಚಲಿಗೆ ಸುರಿದಳು, ಒಲೆಗೂ ನೀರು ಹಾಕಿದಳು. ಬಾಗಿಲ ಹಿಂದಿದ್ದ ತನ್ನ ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು ಕಣಕಟ್ಟೆಯ ಬಸ್ಸಿಗೆ ಹೊರಟಳು. ಹಿತ್ತಲಲ್ಲಿ ಅವರಿನ್ನೂ ಉತ್ತರಕ್ಕೆ ಕಾಯುತ್ತಿದ್ದರು.